ಪೇಟೆ ಬಿಟ್ಟು ಹೊಲಕ್ಕೆ ಬಂದವರು

ಈ ಸಲ ಬೆಳೆ ವಿಷಯ ಬಿಟ್ಟು ಸ್ವಲ್ಪ ಇತಿಹಾಸ ಬರೀತಿದ್ದೀನಿ. ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮ ದೊಡ್ಡಬಳ್ಳಾಪುರದ ಕಡೆ ಈಗ ವಾರಕ್ಕೆ ಒಂದೆರಡಾದ್ರೂ ಬೆಂಗಳೂರಿನ ಕಾರು ಬದುವಿನ ಪಕ್ಕ ಬಂದು ನಿಲ್ಲುತ್ತೆ. "ಯಜಮಾನ್ರೇ, ಇಲ್ಲಿ ಗುಂಟೆ ಏನು ರೇಟು?" ಅಂತಾರೆ. ಬೆಂಗಳೂರು ಸಾಕಾಯ್ತು, ಗಾಳಿ ಇಲ್ಲ, ನೀರಿಲ್ಲ, ಟ್ರಾಫಿಕ್ಕು, ನಿಮ್ಮ ಕಡೆ ಒಂದು ಮನೆ ಕಟ್ಕೊಂಡು ಇದ್ದುಬಿಡೋಣ ಅಂತಿದ್ದೀವಿ ಅಂತಾರೆ. ಊರಿನ ಹುಡುಗರು ಇದೇನೋ ಹೊಸ ಕಾಲ ಬಂತು ಅಂತ ಮಾತಾಡ್ಕೊತಾರೆ. ಬೆಂಗಳೂರಿನವರು ಪೇಟೆ ಬಿಟ್ಟು ಹೊಲಕ್ಕೆ ಬರೋದು ಶುರುವಾಗಿ ನೂರಿಪ್ಪತ್ತೈದು ವರ್ಷದ ಮೇಲಾಯ್ತು. ಹಿಂದೆ ಬಂದಾಗ ಏನಾಯ್ತು ಅಂತ ತಿಳ್ಕೊಂಡ್ರೆ ಬರೋರಿಗೂ ಒಳ್ಳೇದು, ಮಾರೋರಿಗೂ ಒಳ್ಳೇದು, ಮಾರದೆ ಉಳಿಯೋ ನಮ್ಮಂಥವರಿಗೂ ಒಳ್ಳೇದು.

ನಾಲ್ಕು ಬಾಗಿಲಿನ ಪೇಟೆ

ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟಿದರು. ಅವರು ಬಂದಿದ್ದು ಯಲಹಂಕದಿಂದ. ಸುತ್ತ ಮಣ್ಣಿನ ಕೋಟೆ, ಒಳಗೆ ಒಂದೊಂದು ಸರಕಿಗೆ, ಒಂದೊಂದು ಕಸುಬಿಗೆ ಒಂದೊಂದು ಪೇಟೆ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಸುತ್ತಮುತ್ತಲ ಹಳ್ಳಿಯವರು ಗಾಡಿ ಹೂಡಿಕೊಂಡು ಹೋಗಿ ಮೂಟೆ ಇಳಿಸ್ತಿದ್ದದ್ದು ಇಲ್ಲೇ. ಕೋಟೆಗೆ ಇದ್ದ ಬಾಗಿಲುಗಳ ಹೆಸರು ನೋಡಿ: ಯಲಹಂಕ ಬಾಗಿಲು, ಹಲಸೂರು ಬಾಗಿಲು, ಕೆಂಗೇರಿ ಬಾಗಿಲು, ಆನೇಕಲ್ಲು ಬಾಗಿಲು. ಯಾವ ಊರಿನ ದಾರಿಗೆ ತೆರೆಯುತ್ತೋ ಆ ಊರಿನ ಹೆಸರು. ಆಗ ಆ ಊರುಗಳೆಲ್ಲ ಹೊರಗಿದ್ದವು. ಈಗ ಆನೇಕಲ್ಲು ಒಂದನ್ನ ಬಿಟ್ಟು ಮಿಕ್ಕ ಮೂರೂ ಬೆಂಗಳೂರಿನ ಹೊಟ್ಟೆಯೊಳಗಿವೆ.

ಮುನ್ನೂರೈವತ್ತು ವರ್ಷ ಪೇಟೆ ಜನ ಬಹುಪಾಲು ಪೇಟೆಯಲ್ಲೇ ಇದ್ದರು. ಒಂದರ ಬೆನ್ನಿಗೆ ಒಂದು ಮನೆ, ಸಣ್ಣ ಸಣ್ಣ ಓಣಿ, ಕೆಳಗೆ ಅಂಗಡಿ, ಹಿಂದೆ ಉಗ್ರಾಣ. ನೀರಿಗೆ ಧರ್ಮಾಂಬುಧಿ ಕೆರೆ, ಸಂಪಂಗಿ ಕೆರೆ, ಬಾವಿ, ಕಲ್ಯಾಣಿ. ಜನ ಹೆಚ್ಚಾದಂಗೆಲ್ಲ ಕೊಳೆ ನೀರು ಅದೇ ಕೆರೆಗೆ ಸೇರ್ತಾ ಬಂತು.

ಆಗ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ಅವರ ಕಾಲದಲ್ಲಿ ಹೆಸರಘಟ್ಟದ ಕೆಲಸ ಶುರುವಾಗಿ 1896ರಲ್ಲಿ ಪೇಟೆಗೆ ನಲ್ಲಿ ನೀರು ಬಂತು. ಆ ನೀರು ನಮ್ಮ ಅರ್ಕಾವತಿಯದು. ನಂದಿಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ಕೆರೆಗಳನ್ನ ತುಂಬಿಸಿಕೊಂಡು, ಕೋಡಿ ಬಿದ್ದು ಕೆಳಗೆ ಹರಿದು ಹೆಸರಘಟ್ಟ ಸೇರೋ ನೀರು. ಅಲ್ಲಿಂದ ಕಾಲುವೆಯಲ್ಲಿ ಹರಿಸಿ, ಸೋಲದೇವನಹಳ್ಳಿ ಹತ್ತಿರ ಉಗಿ ಯಂತ್ರದಿಂದ ಮೇಲಕ್ಕೆತ್ತಿ, ಮಲ್ಲೇಶ್ವರದ ಕಡೆಗೆ ತಂದು ಶುದ್ಧ ಮಾಡಿ ಊರಿಗೆ ಬಿಡ್ತಿದ್ದರು. ಬೆಂಗಳೂರಿನ ಮೊದಲ ನಲ್ಲಿ ನೀರಿನ ಹಿಂದೆ ನಮ್ಮ ಕಡೆ ಕೆರೆಗಳ ಸಾಲು ಇತ್ತು ಅನ್ನೋದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇಲಿ ಬಿದ್ದ ವರ್ಷ

ಪ್ಲೇಗು 1896ರಲ್ಲಿ ಮುಂಬೈಗೆ ಬಂತು. ಅಲ್ಲಿಂದ ಹುಬ್ಬಳ್ಳಿ, ಧಾರವಾಡ, ಆಮೇಲೆ 1898ರ ಆಗಸ್ಟಿನಲ್ಲಿ ಬೆಂಗಳೂರು. ಇಲಿ ಮೈಮೇಲಿನ ಚಿಗಟ ಕಚ್ಚಿ ಹರಡೋ ರೋಗ. ಮೊದಲು ಇಲಿ ಸಾಯುತ್ತೆ, ಆಮೇಲೆ ಚಿಗಟ ಮನುಷ್ಯನ ಮೇಲೆ ಹತ್ತುತ್ತೆ. ಜ್ವರ ಬಂದು, ಕಂಕುಳಲ್ಲಿ, ತೊಡೆ ಸಂದಿಯಲ್ಲಿ ಗಡ್ಡೆ ಎದ್ದು, ಕೆಲವೇ ದಿನದಲ್ಲಿ ಜೀವ ಹೋಗ್ತಿತ್ತು. ದವಸದ ಮೂಟೆ ಇದ್ದ ಕಡೆ ಇಲಿ ಇದ್ದೇ ಇರುತ್ತೆ. ಪೇಟೆ ತುಂಬ ದವಸ, ಗಾಳಿ ಬೆಳಕಿಲ್ಲದ ಮನೆ. ರೋಗಕ್ಕೆ ಇನ್ನೇನು ಬೇಕು?

ಪೇಟೆ ಮತ್ತು ದಂಡು ಎರಡೂ ಸೇರಿ 1891ರ ಜನಗಣತಿಯಲ್ಲಿ ಸುಮಾರು 1 ಲಕ್ಷ 80 ಸಾವಿರ ಜನ ಇದ್ದರು. 1901ಕ್ಕೆ ಅದು 1 ಲಕ್ಷ 59 ಸಾವಿರಕ್ಕೆ ಇಳೀತು. ಊರು ಬೆಳೆಯೋ ಕಾಲದಲ್ಲಿ ಇಪ್ಪತ್ತು ಸಾವಿರ ಜನ ಕಮ್ಮಿ. ಇದರಲ್ಲಿ ಸತ್ತವರೂ ಇದ್ದಾರೆ, ಹೆದರಿ ಊರು ಬಿಟ್ಟವರೂ ಇದ್ದಾರೆ.

ಸರ್ಕಾರ ವಿ. ಪಿ. ಮಾಧವರಾವ್ ಅವರನ್ನ ಪ್ಲೇಗ್ ಕಮಿಷನರ್ ಮಾಡಿತು. ಮನೆ ಖಾಲಿ ಮಾಡಿಸಿ ಔಷಧಿ ಹಾಕಿ ತೊಳೆಸೋದು, ಸಾಮಾನು ಬಿಸಿಲಿಗೆ ಹಾಕಿಸೋದು, ಊರಾಚೆ ಶೆಡ್ಡು ಹಾಕಿ ಜನರನ್ನ ಇಡೋದು, ಇವೆಲ್ಲ ನಡೀತು. ಪ್ಲೇಗಿನ ಕೆಲಸ ನೋಡಿಕೊಳ್ಳೋಕೆ ಅಂತಲೇ ಬೆಂಗಳೂರಲ್ಲಿ ಟೆಲಿಫೋನ್ ತಂತಿ ಎಳೆದರು. ವಿಕ್ಟೋರಿಯಾ ಆಸ್ಪತ್ರೆಗೆ 1897ರಲ್ಲೇ ಅಡಿಗಲ್ಲು ಹಾಕಿದ್ದರು, ಬಾಗಿಲು ತೆರೆದಿದ್ದು 1900ರ ಡಿಸೆಂಬರಿನಲ್ಲಿ.

ಹಳ್ಳಿಗಳಿಗೆ ಈ ಪಾಠ ಬೇಗ ಬಂತು. ಆಮೇಲೂ ಎಷ್ಟೋ ವರ್ಷ ಪ್ಲೇಗು ಬಂದು ಹೋಗಿ ಮಾಡ್ತಿತ್ತು. "ಮನೇಲಿ ಇಲಿ ಬಿತ್ತು ಅಂದ್ರೆ ಯೋಚ್ನೆ ಮಾಡ್ಬಾರ್ದು ಕಣ್ಲಾ, ಪಾತ್ರೆ ಪಡಗ ಎತ್ಕೊಂಡು ಹೊಲಕ್ಕೆ ಹೊಂಟ್ಬಿಡ್ಬೇಕು" ಅಂತ ನಮ್ಮ ತಾತ ಹೇಳ್ತಿದ್ದರು. ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರ್ತಿದ್ದರು. ರೋಗ ತಣ್ಣಗಾದ ಮೇಲೆ ಮನೆ ಸಾರಿಸಿ, ಅಮ್ಮನಿಗೆ ಪೂಜೆ ಮಾಡಿ ಒಳಗೆ ಬರೋದು. ಪ್ಲೇಗಮ್ಮ, ಪ್ಲೇಗ್ ಮಾರಮ್ಮ ಅಂತ ಗುಡಿಗಳು ಬೆಂಗಳೂರಲ್ಲೂ ಹಳ್ಳಿಗಳಲ್ಲೂ ಇವತ್ತಿಗೂ ಇವೆ.

ಹಳ್ಳಿಯವರು ಹೊಲಕ್ಕೆ ಹೋಗಿ ವಾಪಸ್ ಬಂದರು. ಪೇಟೆಯ ಅನುಕೂಲಸ್ಥರು ಹೋದವರು ಅಲ್ಲೇ ಉಳಿದರು. ಬಸವನಗುಡಿ, ಮಲ್ಲೇಶ್ವರದ ಕಥೆ ಇದೇ.

ನಕಾಶೆ ಮೊದಲು, ಮನೆ ಆಮೇಲೆ

ಪೇಟೆಯ ಉತ್ತರಕ್ಕೆ ಒಂದು, ದಕ್ಷಿಣಕ್ಕೆ ಒಂದು ಬಡಾವಣೆ ಮಾಡಬೇಕು ಅನ್ನೋ ಯೋಚನೆ ಪ್ಲೇಗಿಗೆ ಮೊದಲೇ ಇತ್ತು. ಚಾಮರಾಜಪೇಟೆ 1892ರ ಹೊತ್ತಿಗೆ ಆಗಿತ್ತು. ಪ್ಲೇಗು ಬಂದ ಮೇಲೆ ಕೆಲಸಕ್ಕೆ ಕಾಲು ಬಂತು. ನೇರ ರಸ್ತೆ, ಅಡ್ಡರಸ್ತೆ, ಮನೆ ಸುತ್ತ ಜಾಗ, ಹಿತ್ತಲಲ್ಲಿ ಬಾವಿ. ಸಾಲು ಮನೆಗಳ ಬೆನ್ನಿಗೆ ಒಂದು ಸಣ್ಣ ಗಲ್ಲಿ ಬಿಟ್ಟರು, ಕನ್ಸರ್ವೆನ್ಸಿ ಲೇನ್ ಅಂತ. ಪಾಯಿಖಾನೆ ಕೊಳೆ ಮನೆ ಮುಂದೆ ಹೋಗದೆ ಹಿಂದಿನಿಂದಲೇ ಹೋಗಲಿ ಅಂತ. ಮಲ್ಲೇಶ್ವರದಲ್ಲಿ, ಬಸವನಗುಡಿಯಲ್ಲಿ ಓಡಾಡಿದರೆ ಆ ಗಲ್ಲಿಗಳು ಈಗಲೂ ಕಾಣ್ತವೆ.

ಇದರಲ್ಲಿ ಎಲ್ಲವೂ ಚೆಂದ ಇತ್ತು ಅಂತ ನಾನು ಹೇಳಲ್ಲ. ಜಾತಿ ನೋಡಿ ಬ್ಲಾಕು ಹಂಚಿದ್ದುಂಟು. ಹಿಂದಿನ ಗಲ್ಲಿಯಲ್ಲಿ ಮಲ ಹೊತ್ತವರು ಯಾವ ಜನ ಅಂತ ಹೇಳೋದೇ ಬೇಡ. ಸೈಟು ಕೊಂಡು ಮನೆ ಕಟ್ಟೋ ಶಕ್ತಿ ಇದ್ದವರು ಹೊರಗೆ ಬಂದರು, ಕೂಲಿಯವರು, ಸಣ್ಣ ವ್ಯಾಪಾರದವರು ಅದೇ ಪೇಟೆ ಓಣಿಯಲ್ಲಿ ಉಳಿದರು. ದಂಡಿನ ಕಡೆ ಫ್ರೇಜರ್ ಟೌನ್ ಆಗಿದ್ದೂ ಪ್ಲೇಗಿನ ಕಾರಣಕ್ಕೇ. 1906ರಲ್ಲಿ ಶುರುವಾಗಿ 1910ರಲ್ಲಿ ಮುಗೀತು. ಇಲಿ ನುಗ್ಗದ ಹಾಗೆ ಎತ್ತರದ ಪಾಯ ಹಾಕಿ ಮನೆ ಕಟ್ಟಿದರು.

ಆದರೂ ಒಂದು ಮಾತು ಒಪ್ಪಬೇಕು. ಅವತ್ತು ಮೊದಲು ನಕಾಶೆ, ಆಮೇಲೆ ರಸ್ತೆ, ಚರಂಡಿ, ಕೊನೆಗೆ ಮನೆ. ಹೆಸರಘಟ್ಟದ ನೀರಂತೂ ಎರಡು ವರ್ಷ ಮುಂಚೆಯೇ ಊರಿಗೆ ಬಂದಿತ್ತು. ನೂರು ವರ್ಷ ಕಳೆದರೂ ಆ ಬಡಾವಣೆಗಳು ಬಾಳಿಕೆ ಬಂದಿರೋದು ಈ ವರಸೆಯಿಂದ.

ಬಸವ ತಿಂದ ಕಡಲೆಕಾಯಿ

ಹಾಗಾದರೆ ಆ ಜಾಗದಲ್ಲಿ ಮೊದಲು ಏನಿತ್ತು? ಹೊಲ ಇತ್ತು. ಬಸವನಗುಡಿ ಇದ್ದದ್ದು ಸುಂಕೇನಹಳ್ಳಿ. ಪಕ್ಕದಲ್ಲಿ ಮಾವಳ್ಳಿ, ಗುಟ್ಟಹಳ್ಳಿ. ಅಲ್ಲಿ ಕಡಲೆಕಾಯಿ ಬೆಳೀತಿದ್ದರು. ಹುಣ್ಣಿಮೆ ರಾತ್ರಿ ಒಂದು ಬಸವ ಬಂದು ಬೆಳೆ ಮೇಯ್ತಿತ್ತಂತೆ, ರೈತ ದೊಣ್ಣೆಯಲ್ಲಿ ಹೊಡೆದಾಗ ಅದು ಕಲ್ಲಾಯ್ತಂತೆ, ತಪ್ಪಾಯ್ತು ಅಂತ ರೈತರು ಮೊದಲ ಬೆಳೆಯನ್ನ ಅದಕ್ಕೆ ಒಪ್ಪಿಸೋ ಹರಕೆ ಹೊತ್ತರಂತೆ. ಕಥೆ ನಡೆದ ವರ್ಷ ಯಾವುದು ಅಂತ ವಾದ ಬೇಡ. ಕಥೆ ಹುಟ್ಟಿಸಿದವರು ಬೆಳೆಗಾರರು ಅನ್ನೋದು ಓದಿದರೇ ಗೊತ್ತಾಗುತ್ತೆ. ಮೇವಿಗೆ ಬಂದ ದನ ಹೊಡೆದು ಆಮೇಲೆ ಸಂಕಟ ಪಡೋದು ನಮ್ಮ ಜಾತಿಯವರೇ, ಬೇಸಾಯದ ಜಾತಿ.

ಕಾರ್ತೀಕ ಮಾಸದ ಕೊನೆ ಸೋಮವಾರ ಕಡಲೆಕಾಯಿ ಪರಿಷೆ ಈಗಲೂ ನಡೆಯುತ್ತೆ. ಮಾಗಡಿ, ಚಿಂತಾಮಣಿ, ಕೋಲಾರದ ಕಡೆಯಿಂದ, ಆಂಧ್ರ, ತಮಿಳುನಾಡಿನಿಂದ ಕಾಯಿ ಬರುತ್ತೆ. ಸುಂಕೇನಹಳ್ಳಿಯಿಂದ ಒಂದು ಸೇರೂ ಬರಲ್ಲ. ಹೊಲ ಹೋಯ್ತು, ಹರಕೆ ಉಳೀತು. ಬಡಾವಣೆಯ ಇತಿಹಾಸ ಓದಿದರೆ ದಿವಾನರ ಹೆಸರು ಸಿಗುತ್ತೆ, ಕಮಿಷನರ ಹೆಸರು ಸಿಗುತ್ತೆ. ಕಡಲೆಕಾಯಿ ಹೊಲ ಬಿಟ್ಟುಕೊಟ್ಟವನ ಹೆಸರಿನ ರಸ್ತೆ ನಾನಂತೂ ನೋಡಿಲ್ಲ.

ಬೇಸಾಯಕ್ಕೆ ಅಂತ ಬಂದವರು

ಬಸವನಗುಡಿಗೆ ಬಂದವರು ಮನೆ ಕಟ್ಟೋಕೆ ಬಂದವರು. ಬೇಸಾಯ ಮಾಡ್ತೀವಿ ಅಂತಲೇ ಪೇಟೆ ಬಿಟ್ಟವರೂ ಇದ್ದರು, ಪ್ಲೇಗಿಗೂ ಹದಿನಾರು ವರ್ಷ ಮೊದಲು. 1882ರಲ್ಲಿ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ ಸಂಘಕ್ಕೆ ಬೆಂಗಳೂರಿನ ಪೂರ್ವಕ್ಕೆ ಸುಮಾರು 3,900 ಎಕರೆ ಕೊಟ್ಟರು. ರೈಲ್ವೆ, ಕಚೇರಿ ಕೆಲಸ ನಂಬಿಕೊಂಡಿದ್ದ ಜನ ನೆಲ ಉತ್ತು ಬದುಕಲಿ ಅನ್ನೋದು ಸಂಘದ ಮುಖಂಡ ಡಿ. ಎಸ್. ವೈಟ್ ಅವರ ಆಸೆ. ಅವರ ಹೆಸರಿನಿಂದಲೇ ಅದು ವೈಟ್‌ಫೀಲ್ಡ್ ಆಯ್ತು. ಮಧ್ಯೆ ಒಂದು ಬಯಲು, ಸುತ್ತ ದುಂಡಗೆ ಮನೆ. ಇನ್ನರ್ ಸರ್ಕಲ್, ಔಟರ್ ಸರ್ಕಲ್ ಅನ್ನೋ ಹೆಸರು ಆವತ್ತಿನದು.

ಮನೆಗಳು ಆದವು, ಚರ್ಚ್ ಆಯ್ತು. ಬೇಸಾಯದ ಊರಾಗಿ ಮಾತ್ರ ಅದು ಬೆಳೆಯಲಿಲ್ಲ. ಬಯಲುಸೀಮೆ ಕೆಂಪು ಮಣ್ಣು, ಮಳೆ ನಂಬಿದ ಬೇಸಾಯ, ಪೇಟೆ ಕೈಗೆ ಒಗ್ಗೋದು ಅಷ್ಟು ಸುಲಭ ಇಲ್ಲ. 3,900 ಎಕರೆ ಪುಕ್ಕಟೆ ಸಿಕ್ಕರೂ ಕಷ್ಟ ಆಯ್ತು ಅಂದಮೇಲೆ, ಸಾಲ ಮಾಡಿ ಹತ್ತು ಗುಂಟೆ ತಗೊಂಡು "ಸಾವಯವ ಮಾಡ್ತೀನಿ, ಕೆಲಸ ಬಿಡ್ತೀನಿ" ಅನ್ನೋ ಹುಡುಗರಿಗೆ ನಾನು ಮೊದಲು ಇದೇ ಕಥೆ ಹೇಳೋದು. ಮಾಡ್ಬೇಡಿ ಅನ್ನಲ್ಲ. ಕೆಲಸ ಬಿಡೋ ಮುಂಚೆ ಎರಡು ಬೇಸಿಗೆ ಇಲ್ಲಿ ಇದ್ದು ನೋಡಿ ಅಂತೀನಿ.

ನೀರು ದೂರ ಆಗ್ತಾ ಹೋಗಿದ್ದು

ಹೆಸರಘಟ್ಟದ ನೀರು ಬಹಳ ಕಾಲ ಸಾಲಲಿಲ್ಲ. 1920ರ ದಶಕದಲ್ಲಿ ಮಳೆ ಕೈಕೊಟ್ಟು ಕೆರೆ ಒಣಗಿತು. ಅದೇ ಅರ್ಕಾವತಿಗೆ ಇನ್ನೂ ಕೆಳಗೆ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟೆ ಹಾಕಿದರು, 1933ರಲ್ಲಿ ನೀರು ಬಂತು. ಅದೂ ಸಾಲದೆ 1974ರಲ್ಲಿ ಕಾವೇರಿ ಬಂದಳು, ನೂರು ಕಿಲೋಮೀಟರ್ ದೂರದಿಂದ, ಗುಡ್ಡ ಹತ್ತಿಸಿಕೊಂಡು. ಈ ನಡುವೆ ಊರೊಳಗಿನ ಕೆರೆಗಳು ಒಂದೊಂದಾಗಿ ಹೋದವು. ಧರ್ಮಾಂಬುಧಿ ಈಗ ಮೆಜೆಸ್ಟಿಕ್ ಬಸ್ ಸ್ಟ್ಯಾಂಡು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ.

ಬಡಾವಣೆಗಳು ಮಾತ್ರ ನಿಲ್ಲಲಿಲ್ಲ. 1945ರಲ್ಲಿ ಸಿಐಟಿಬಿ ಆಯ್ತು, 1948ರಲ್ಲಿ ಜಯನಗರಕ್ಕೆ ರಾಜಾಜಿ ಅಡಿಗಲ್ಲು ಹಾಕಿದರು, 1976ರಲ್ಲಿ ಬಿಡಿಎ ಬಂತು. ಅಲ್ಲಿಗೂ ಒಂದು ನಕಾಶೆ, ಒಂದು ಚರಂಡಿ ಅಂತ ಇರ್ತಿತ್ತು. ಅದರಾಚೆ ಹಳ್ಳಿಗಳಲ್ಲಿ ರೆವಿನ್ಯೂ ಸೈಟು ಶುರುವಾಯ್ತು. ಹೊಲಕ್ಕೆ ಸುಣ್ಣದ ಗೆರೆ ಎಳೆದು, ನಾಲ್ಕು ಕಲ್ಲು ನೆಟ್ಟು, ಸೈಟು ಅಂತ ಮಾರೋದು. ರಸ್ತೆ ಆಮೇಲೆ, ಚರಂಡಿ ಆಮೇಲೆ, ನೀರು ದೇವರು ಕೊಟ್ಟಾಗ.

2007ರಲ್ಲಿ ಬಿಬಿಎಂಪಿ ಆದಾಗ ಸುತ್ತಲ 110 ಹಳ್ಳಿ ಬೆಂಗಳೂರಿಗೆ ಸೇರಿದವು. ಆ ಹಳ್ಳಿಗಳಿಗೆ ಅಂತ ಮಾಡಿದ ಕಾವೇರಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರಿನದು, ಉದ್ಘಾಟನೆ ಆಗಿದ್ದು 2024ರ ಅಕ್ಟೋಬರಿನಲ್ಲಿ. ಮಧ್ಯೆ ಹದಿನೇಳು ವರ್ಷ. ಅಷ್ಟು ದಿನ ಅಲ್ಲಿದ್ದವರು ಕುಡಿದಿದ್ದು ಬೋರ್‌ವೆಲ್ ನೀರು, ಟ್ಯಾಂಕರ್ ನೀರು. 2024ರ ಬೇಸಿಗೆಯಲ್ಲಿ ಏನಾಯ್ತು ಅಂತ ನೀವೇ ನೋಡಿದ್ದೀರಿ.

1898ರಲ್ಲಿ ನೀರು ಎರಡು ವರ್ಷ ಮುಂಚೆ ಬಂತು. ಈಗ ಹದಿನೇಳು ವರ್ಷ ತಡವಾಗಿ ಬಂತು. ನಾನು ಇಷ್ಟುದ್ದ ಬರೆದಿದ್ದು ಈ ಎರಡು ಸಾಲಿಗೋಸ್ಕರ.

ಈಗ ನಮ್ಮ ಸರದಿ

2008ರ ಮೇ ತಿಂಗಳಲ್ಲಿ ದೇವನಹಳ್ಳಿ ಏರ್‌ಪೋರ್ಟ್ ಶುರುವಾದ ಮೇಲೆ ನಮ್ಮ ದಿಕ್ಕಿಗೆ ಗಾಳಿ ತಿರುಗಿತು. 2020ರಲ್ಲಿ ಎರಡು ಸಂಗತಿ ಒಟ್ಟಿಗೆ ಆದವು. ಒಂದು ಕೊರೊನಾ. ಆಗ ಪ್ಲೇಗಿನ ಹಾಗೇ ಜನ ಬೆಂಗಳೂರು ಬಿಟ್ಟು ಓಡಿ ಬಂದರು, ಮನೆಯಿಂದಲೇ ಕೆಲಸ ಮಾಡಬಹುದು ಅಂತ ಗೊತ್ತಾಯ್ತು. ಇನ್ನೊಂದು ಭೂ ಸುಧಾರಣೆ ಕಾಯ್ದೆಗೆ ತಿದ್ದುಪಡಿ. 1974ರಿಂದ ಇದ್ದ 79ಎ, 79ಬಿ ಕಲಂ ತೆಗೆದುಹಾಕಿದರು. ಅಲ್ಲಿವರೆಗೆ ಬೇಸಾಯಗಾರ ಅಲ್ಲದವನು ಬೇಸಾಯದ ಜಮೀನು ಕೊಳ್ಳೋಕೆ ಅಡ್ಡಿ ಇತ್ತು. ಈಗ ದುಡ್ಡಿದ್ದವರು ಯಾರು ಬೇಕಾದರೂ ಕೊಳ್ಳಬಹುದು. ಅಲ್ಲಿಂದ ಫಾರ್ಮ್ ಪ್ಲಾಟ್ ಬಂತು. ಎಕರೆಯನ್ನ ಐದು ಗುಂಟೆ, ಹತ್ತು ಗುಂಟೆ ತುಂಡು ಮಾಡಿ, ನಾಲ್ಕು ಮಾವಿನ ಸಸಿ ನೆಟ್ಟು, ಕಾಂಪೌಂಡ್ ಹಾಕಿ, ಗೇಟಿಗೊಂದು ಚೆಂದದ ಹೆಸರು ಬರೆದು ಮಾರೋದು.

ಮಾರಿದ ರೈತನನ್ನ ನಾನು ಬೈಯಲ್ಲ. ಮಗಳ ಮದುವೆ, ಸಾಲ, ಬತ್ತಿದ ಬೋರು, ಓದಿದ ಮಗ ಬೇಸಾಯ ಬೇಡ ಅನ್ನೋದು, ಇದನ್ನೆಲ್ಲ ಅನುಭವಿಸದವರು ಬೈಬೇಕು. ಬಂದವರನ್ನೂ ಬೈಯಲ್ಲ. ಬಸವನಗುಡಿಗೆ ಬಂದವರು ಯಾಕೆ ಬಂದರೋ ಇವರೂ ಅದಕ್ಕೇ ಬಂದಿದ್ದಾರೆ.

ನನ್ನ ತಕರಾರು ಕಾಲುವೆ ಬಗ್ಗೆ. ನಮ್ಮೂರ ಕೆರೆಗೆ ನೀರು ಬರೋದು ಎರಡು ಕಾಲುವೆಯಿಂದ. ಅದರಲ್ಲಿ ಒಂದರ ಮೇಲೆ ಈಗ ಒಂದು ಪ್ಲಾಟಿನ ಕಾಂಪೌಂಡ್ ಎದ್ದಿದೆ. ಹೋದ ಮುಂಗಾರಿನಲ್ಲಿ ಜೋರು ಮಳೆ ಬಂದಾಗ ನೀರು ಕೆರೆಗೆ ಹೋಗದೆ ಮೂರು ಜನರ ರಾಗಿ ಹೊಲದಲ್ಲಿ ನಿಂತಿತು. ಪೈರು ಕೊಳೀತು. ಅದರಲ್ಲಿ ನಮ್ಮದೂ ಅರ್ಧ ಎಕರೆ. ಕೆರೆಗೆ ಕಾಲು ಭಾಗ ನೀರೂ ಬರಲಿಲ್ಲ. ಜನವರಿ ಹೊತ್ತಿಗೆ ಅದೇ ಪ್ಲಾಟಿನವರ ಬೋರು ಕೆಮ್ಮೋಕೆ ಶುರುವಾಯ್ತು. ಕೆರೆ ತುಂಬದೆ ಬೋರಿಗೆ ನೀರು ಎಲ್ಲಿಂದ ಬರುತ್ತೆ? ಸರ್ವೆ ಮಾಡಿಸಿ ಕಾಲುವೆ ಬಿಡಿಸಿಕೊಡಿ ಅಂತ ಅರ್ಜಿ ಕೊಟ್ಟಿದ್ದೀವಿ. ಪ್ಲಾಟಿನಲ್ಲಿ ಮನೆ ಕಟ್ಟಿಕೊಂಡಿರೋ ಎರಡು ಸಂಸಾರದವರೂ ನಮ್ಮ ಜೊತೆ ಸಹಿ ಹಾಕಿದ್ದಾರೆ. ಅವರಿಗೆ ಮಾರಿದವರು ಕಾಲುವೆ ವಿಷಯ ಹೇಳಿರಲೇ ಇಲ್ಲ. ಅರ್ಜಿ ಇನ್ನೂ ಮೇಜಿನ ಮೇಲಿದೆ, ಮುಂದಿನ ಮುಂಗಾರಿನೊಳಗೆ ಆಗದಿದ್ದರೆ ಇದೇ ಕಥೆ ಮತ್ತೆ.

ಬರೋರಿಗೆ, ಮಾರೋರಿಗೆ

ಬರೋರು ದಯವಿಟ್ಟು ಮೊದಲು ಗ್ರಾಮ ನಕಾಶೆ ನೋಡಿ. ಸರ್ವೆ ಇಲಾಖೆಯಲ್ಲಿ ಸಿಗುತ್ತೆ. ಹಳ್ಳ, ಕಾಲುವೆ, ಬಂಡಿದಾರಿ ಗೆರೆ ಅದರಲ್ಲಿ ಇರುತ್ತೆ. ಪಹಣಿಯಲ್ಲಿ ಬಿ ಖರಾಬು ಅಂತ ಇದ್ದರೆ ಅದು ಸಾರ್ವಜನಿಕರದು, ಯಾರೂ ಮಾರೋ ಹಾಗಿಲ್ಲ. ಭೂ ಪರಿವರ್ತನೆ ಆಗದ ಜಮೀನಲ್ಲಿ ಸೈಟು ಅಂತ ಕೊಟ್ಟರೆ ತಗೋಬೇಡಿ. ಜಾಗ ನೋಡೋಕೆ ಕಾರ್ತೀಕದಲ್ಲಿ ಬರಬೇಡಿ, ಆಗ ಎಲ್ಲಾ ಹಸಿರಾಗೇ ಕಾಣುತ್ತೆ. ಏಪ್ರಿಲ್ ತಿಂಗಳಲ್ಲಿ ಬನ್ನಿ, ಪಕ್ಕದ ಹೊಲದವರನ್ನ "ಅಣ್ಣ, ಬೋರು ಎಷ್ಟು ಅಡಿ, ಎಷ್ಟು ಹೊತ್ತು ಓಡುತ್ತೆ?" ಅಂತ ಕೇಳಿ. ಬ್ರೋಕರ್ ಹೇಳದೇ ಇರೋದು ಅವರು ಹೇಳ್ತಾರೆ. ಮನೆ ಕಟ್ಟಿದ ಮೇಲೆ ಮಳೆ ನೀರು ಇಂಗಿಸಿ, ಬಚ್ಚಲ ನೀರು ಕೆರೆಗೆ ಬಿಡಬೇಡಿ.

ಮಾರೋ ಅಣ್ಣಂದಿರು ಒಂದು ಮಾಡಿ. ನಿಮ್ಮ ಹೊಲದಲ್ಲಿ ಕಾಲುವೆ ಇದ್ದರೆ ಕಲ್ಲು ಹಾಕಿಸಿ, ಕಾಲುವೆ ಬಿಟ್ಟು ಅಳತೆ ಕೊಡಿ, ಕ್ರಯಪತ್ರದಲ್ಲಿ ಬರೆಸಿ. ಒಂದೆರಡು ಗುಂಟೆ ದುಡ್ಡು ಕಮ್ಮಿ ಬರಬಹುದು. ಊರಿನ ಕೆರೆ ಉಳಿಯುತ್ತೆ.

ಬೆಂಗಳೂರು ಬರೋದನ್ನ ಸುಂಕೇನಹಳ್ಳಿಯವರು ತಡೆಯೋಕೆ ಆಗಲಿಲ್ಲ, ನಮ್ಮಿಂದಲೂ ಆಗಲ್ಲ. ಹೇಗೆ ಬರಬೇಕು ಅನ್ನೋದನ್ನ ಮಾತ್ರ ಪಂಚಾಯ್ತಿಯಲ್ಲಿ ಕೂತು ಕೇಳಬಹುದು. ನಿಮ್ಮೂರ ಗ್ರಾಮಸಭೆ ಯಾವತ್ತಿದೆ ಅಂತ ವಿಚಾರಿಸಿ, ನಕಾಶೆ ಕೈಲಿ ಹಿಡ್ಕೊಂಡು ಹೋಗಿ.